ಟೈಗರನ ಹೊಟ್ಟೆ, ಅಕ್ಕೋರ ಹಟ

ಮೊನ್ನೆ ಬೆಳಿಗ್ಗೆ ಭಟ್ಕಳದ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಸಿಹಿಗುಂಬಳ, ಅನ್ನ, ಮೀನು ಒಟ್ಟಿಗೇ ಬೇಯುವ ವಾಸನೆ. ಒಗ್ಗರಣೆಯಿಲ್ಲ, ಮಸಾಲೆಯಿಲ್ಲ... ಮನುಷ್ಯರಿಗೆ ಹೀಗೆ ಯಾರೂ ಬೇಯಿಸುವುದಿಲ್ಲ. ಇದು ನಾಯಿಯ ಪಥ್ಯ! ನನ್ನ ಮನಸ್ಸು ಕುಣಿದೇಬಿಟ್ಟಿತು.

ಇದು ಎಷ್ಟೋ ವರ್ಷಗಳ ಹಿಂದಿನ ಟೈಗರನ ಪಥ್ಯದ ವಾಸನೆ. ಆಗ ನಾವು ಹೊನ್ನಾವರದಲ್ಲಿದ್ದೆವು. ಪಕ್ಕದ ಮನೆಯಲ್ಲಿ ಕನ್ನಡ ಶಾಲೆಯಿಂದ ನಿವೃತ್ತರಾದ ಟೀಚರು; ಕೇರಿಗೆಲ್ಲ ಅಕ್ಕೋರು, ನನಗೂ ಅಕ್ಕೋರು. ಮಾವಿನಕುರ್ವೆಯಲ್ಲಿ ದೋಣಿಯ ಮರೆಗೆ ಕೂತು ಕುಂಯ್‌ಗುಡುತ್ತಿದ್ದ ನಾಯಿಮರಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದು ಟೈಗರ್ ಎಂದು ಹೆಸರಿಟ್ಟಿದ್ದರು. ಹೆಸರಷ್ಟೇ ಹುಲಿಯದು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಒಂದು ದಿನ ವಾಂತಿ, ಇನ್ನೊಂದು ದಿನ ಭೇದಿ. ಜಂತಿನ ಔಷಧಿಯೂ ಆಯಿತು, ಗುಣ ಕಾಣಲಿಲ್ಲ. "ಇದು ಉಳಿಯೂದಲ್ಲ ಅಕ್ಕೋರೆ, ಆಸೆ ಬಿಡಿ" ಎಂದವರೇ ಹೆಚ್ಚು.

ಅಕ್ಕೋರು ಬಿಡಲಿಲ್ಲ. ರಿಕ್ಷಾ ಮಾಡಿಕೊಂಡು ಕುಮಟೆಯ ದನದ ಡಾಕ್ಟರ ಹತ್ತಿರ ಒಯ್ದರು. ಜೊತೆಗೆ ನಾನೂ ಹೋದೆ.

"ರೋಗ ಎಂತದೂ ಕಾಣೂದಿಲ್ಲ" ಎಂದರು ಡಾಕ್ಟರು. "ಯಾವುದೋ ಒಂದು ತಿನಿಸು ಇದರ ಹೊಟ್ಟೆಗೆ ಆಗೂದಿಲ್ಲ. ಎಲ್ಲ ನಿಲ್ಸಿ ಸಪ್ಪೆ ಊಟ ಹಾಕಿ. ಹೊಟ್ಟೆ ಸರಿಯಾದ ಮೇಲೆ ಒಂದೊಂದೇ ಸೇರಿಸ್ತಾ ನೋಡಿ."

ಅಂದಿನಿಂದ ಹಾಲು ಬಂದ್, ಚಪಾತಿ ಬಂದ್, ಕೋಳಿ ಬಂದ್. ಬರೀ ಅನ್ನ, ಕುಂಬಳ, ಮುಳ್ಳು ತೆಗೆದ ಮೀನು. ಬೆಳಗಾದರೆ ಅಕ್ಕೋರು ಕೋಲು ಹಿಡಿದು ಟೈಗರನ ಹಿಂದೆ ಹಿತ್ತಲಿಗೆ ಹೋಗುವರು. ನಾನು ಬೇಲಿಯಾಚೆಯಿಂದ "ಎಂತ ಆತು?" ಎಂದು ಕೂಗುವೆ. "ನೀರು... ಬರೀ ನೀರು" ಎಂದು ಮೋರೆ ಸಣ್ಣದು ಮಾಡಿಕೊಂಡು ಬರುವರು.

ಇಷ್ಟು ಪಥ್ಯ ಮಾಡಿಯೂ ಯಾಕೆ ಹೀಗೆ? ಒಂದು ಬೆಳಿಗ್ಗೆ ತಿಳಿಯಿತು. ಎದುರು ಮನೆಯ ಅಜ್ಜ ಜಗಲಿಯಲ್ಲಿ ಕೂತು, ತನ್ನ ಚಹಾದ ಜೊತೆಗಿನ ಟೋಸ್ಟನ್ನು ಮುರಿದು ಟೈಗರನ ಬಾಯಿಗಿಡುತ್ತಿದ್ದ!

"ಅಯ್ಯೋ, ಎಂತ ಮಾಡ್ತಿದ್ರಿ ಅಜ್ಜಾ?"

"ಪಾಪದ್ದು ಅಲ್ದಾ ಅಕ್ಕೋರೆ... ನೀವು ಉಪವಾಸ ಕೆಡವಿದ್ರಿ ಅಂತ ಹೇಳಿ, ದಿನಾ ಒಂದು ಚೂರು."

"ನಿಮ್ಮ ಪ್ರೀತಿ ಅದರ ಹೊಟ್ಟೆಗೆ ಆಗೂದಿಲ್ಲ ಮಾರಾಯ್ರೆ!"

ಟೋಸ್ಟು ನಿಂತಿತು. ಕೆಲವು ದಿನ ಕಳೆದಿರಬೇಕು, ಅಕ್ಕೋರು ಕೋಲು ಮೇಲೆತ್ತಿಕೊಂಡು ಹಿತ್ತಲಿನಿಂದ ಓಡಿ ಬಂದರು. "ಗಟ್ಟಿ ಆತು! ಗಟ್ಟಿ ಆತು!"

ಕೇರಿಯೇ ಅಂಗಳಕ್ಕೆ ಬಂತು. "ಯಾರ ಮನೆ ಸಂಬಂಧ ಗಟ್ಟಿ ಆತು ಅಕ್ಕೋರೆ?" ಎಂದು ಅಜ್ಜ ಕೇಳಿದ್ದೇ ತಡ, ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು. ಅಕ್ಕೋರು ನನ್ನ ಎರಡೂ ಕೈ ಹಿಡಿದು ಗರಗರ ತಿರುಗಿಸಿದರು. ಅರವತ್ತು ದಾಟಿದ ಹೆಂಗಸು!

ಖಾತ್ರಿಯಾಗಲೆಂದು ಡಾಕ್ಟರನ್ನು ಕೇಳಿಯೇ ಒಂದು ಚೂರು ಚಪಾತಿ ಕೊಟ್ಟು ನೋಡಿದರು. ಮತ್ತೆ ಭೇದಿ. "ಕಳ್ಳ ಸಿಕ್ಕಿದ! ಗೋಧಿ!" ಎಂದು ಬೇಲಿಯ ಮೇಲಿಂದಲೇ ಸಾರಿದರು. ಹಾಲು, ಕೋಳಿ ಒಂದೊಂದಾಗಿ ಮರಳಿದವು, ಏನೂ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಟೈಗರ್ ಮೈಕೈ ತುಂಬಿಕೊಂಡು ಕೇರಿಯ ಬೆಕ್ಕುಗಳನ್ನೆಲ್ಲ ಹೆಂಚಿನ ಮಾಡು ಹತ್ತಿಸಿತ್ತು. ಹೇಳಿಕೊಂಡಿದ್ದ ಹರಕೆ ತೀರಿಸಲು ಅಕ್ಕೋರು ಇಡಗುಂಜಿಗೆ ಹೋಗಿಬಂದರು... ಟೈಗರ್ ಅವರ ಕಾಲಬುಡದಲ್ಲೇ ಮುಪ್ಪಾಯಿತು.

ಮೊನ್ನೆ ವಾಸನೆಯ ಜಾಡು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಹೆಬಳೆಯಿಂದ ಹೊಸದಾಗಿ ಬಂದ ಆ ಮನೆಯಾಕೆಯ ಕಾಲ ಬಳಿ ಸೊರಗಿದ ಮರಿಯೊಂದಿತ್ತು. ನಿಂತಲ್ಲೇ ಇಷ್ಟೂ ಕಥೆ ಹೇಳಿದೆ, ಕೈ ಬೀಸಿ, ಕೂಗಿ.

ಆಕೆಯ ಮುಖ ಅರಳಿತು. "ಆ ಅಕ್ಕೋರ ನಂಬರ್ ಕೊಡ್ತೀರಾ? ಒಂದ್ಸಲ ಕೇಳೂದಿತ್ತು."

ಅಷ್ಟು ಹೊತ್ತೂ ಅವರು ಬೇಲಿಯಾಚೆಯೇ ಇದ್ದಾರೆ ಎಂಬಂತೆ ಮಾತಾಡಿದ್ದೆ.

"ಅವರಿಲ್ಲ" ಎಂದೆ. "ಹೋದ ವರ್ಷ ತೀರಿಕೊಂಡ್ರು."

ಆಕೆ ಮರಿಯನ್ನೆತ್ತಿ ನನ್ನ ಕೈಗೆ ಕೊಟ್ಟಳು. ಅದರ ಹೊಟ್ಟೆ ಗುಳುಗುಳು ಎನ್ನುತ್ತಿತ್ತು.