ಹುಮನಾಬಾದಿಗೆ ಹೋದ ಜೀಪು

ಈಗ ನಮ್ಮ ಮನೆ ಮುಂದೆ ನಿಂತಿರುವ ಜೀಪನ್ನು ಕಂಡವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮದುವೆ ಮೆರವಣಿಗೆಗೆ ಕೇಳಿಕೊಂಡು ಬರುವವರೂ ಇದ್ದಾರೆ. ಕೊಡುವುದಿಲ್ಲ ಎಂದು ಖಡಕ್ಕಾಗಿ ಹೇಳುತ್ತೇನೆ. ಇವನಿಗೆ ದಿಮಾಕು ಬಂದಿದೆ ಎಂದು ಬಸವಕಲ್ಯಾಣದ ಅರ್ಧ ಬಜಾರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅದರಲ್ಲಿ ನಾನೇ ಕೂರುವುದಿಲ್ಲ, ಇನ್ನು ಇವರನ್ನೆಲ್ಲಿ ಕೂರಿಸಲಿ?

ಅಜ್ಜ ಹರಾಜಿನಲ್ಲಿ ಹಿಡಿದ ಮಿಲಿಟರಿ ಜೀಪು ಅದು. ಅಜ್ಜನಿಗೆ ಓಡಿಸಲು ಬರುತ್ತಿರಲಿಲ್ಲ, ಓಡಿಸಿದ್ದೆಲ್ಲ ಅಪ್ಪ. ಹುಲಸೂರ ಕಡೆಯ ನಮ್ಮ ಹೊಲದ ದಾರಿ ಮಳೆ ಬಿದ್ದರೆ ಬರೀ ಎರೆಮಣ್ಣಿನ ಕೆಸರು. ಎತ್ತುಗಳೂ ಕಾಲು ಕೀಳಲಾರದೆ ನಿಂತುಬಿಡುತ್ತಿದ್ದವು. ಅಪ್ಪ ಸಣ್ಣ ಗೇರು ಎಳೆದು ನಾಲ್ಕೂ ಗಾಲಿಗೆ ಜೋರು ಕೊಟ್ಟರೆ ಗಾಡಿ ಗೊಣಗುತ್ತ ಮೇಲೆ ಬರುತ್ತಿತ್ತು. ಹೆರಿಗೆ ನೋವೆಂದರೂ ಹಾವು ಕಚ್ಚಿತೆಂದರೂ ಜನ ನಮ್ಮ ಬಾಗಿಲಿಗೇ ಓಡಿ ಬರುತ್ತಿದ್ದರು. ಕೈ ನಡುಗಲು ಶುರುವಾದ ಮೇಲೆ ಅಪ್ಪ ಓಡಿಸುವುದು ಬಿಟ್ಟ. ಗಾಡಿ ತಗಡಿನ ಶೆಡ್ಡಿನಲ್ಲಿ ತುಕ್ಕು ಹಿಡಿಯಿತು. ಆದರೂ ದಿನಾ ಬೆಳಿಗ್ಗೆ ಅದನ್ನು ಒರೆಸದೆ ಅಪ್ಪ ಚಹಾ ಮುಟ್ಟುತ್ತಿರಲಿಲ್ಲ.

ಅದನ್ನು ಹೊಸದರ ಹಾಗೆ ಮಾಡಿಸಿ, ಒಂದು ಬೆಳಿಗ್ಗೆ ಸದ್ದಿಲ್ಲದೆ ಬಾಗಿಲಿಗೆ ತಂದು ನಿಲ್ಲಿಸಿ, ಅಪ್ಪನ ಕೈಗೆ ಕೀಲಿ ಕೊಡಬೇಕೆಂಬ ಹುಚ್ಚು ನನಗೆ ಹಿಡಿಯಿತು. ಓಣಿಯವರೆಲ್ಲ ನೋಡಬೇಕು, ಮಗ ಅಂದರೆ ಹೀಗಿರಬೇಕು ಅನ್ನಬೇಕು ಎಂಬ ಆಸೆಯೂ ಇತ್ತು. ಹುಮನಾಬಾದಿನಲ್ಲಿ ಬ್ರೇಕು ರಿಪೇರಿ ಎಂದು ಅಪ್ಪನಿಗೆ ಹೇಳಿ ಅಲ್ಲಿನ ಗ್ಯಾರೇಜಿಗೆ ಸಾಗಿಸಿದೆ. ಯಾರೇ ಕೇಳಲಿ, ಈ ಗಾಡಿಯ ಸುದ್ದಿ ಹೇಳಬಾರದು ಎಂದು ಮಿಸ್ತ್ರಿಗೆ ತಾಕೀತು ಮಾಡಿದೆ. ಅವ್ವನಿಗೂ ತಿಳಿಸಲಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನನ್ನ ಲೆಕ್ಕ.

ಒಂದು ತಿಂಗಳ ಕೆಲಸ ಎಂಟು ತಿಂಗಳಾಯಿತು. ಅಷ್ಟು ಹಳೆಯ ಗಾಡಿಯ ಸಾಮಾನು ಬೇಕೆಂದಾಗ ಸಿಗುತ್ತದೆಯೇ? ಅಪ್ಪ ದಿನಾ ಊಟಕ್ಕೆ ಕೂತಾಗ ಕೇಳುತ್ತಿದ್ದ. ಬ್ರೇಕಿಗೆ ಇಷ್ಟು ದಿನ ಯಾಕೆ, ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗು ಅನ್ನುತ್ತಿದ್ದ. ಇವತ್ತು ನಾಳೆ ಎಂದು ತಳ್ಳಿದೆ. ಒಂದು ದಿನ ತಲೆ ಕೆಟ್ಟು, "ನಿನಗ್ಯಾಕ ಅದರ ಉಸಾಬರಿ? ಬಂದಾಗ ಬರ್ತದ" ಎಂದು ರೇಗಿಬಿಟ್ಟೆ. ಹೆತ್ತವನಿಗೆ ಹಾಗೆ ಅಂದ ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ದೀಪಾವಳಿಯ ಹೊತ್ತಿಗೆ ಅಪ್ಪ ಕೇಳುವುದನ್ನೇ ನಿಲ್ಲಿಸಿದ. ಸದ್ಯ, ಪೀಡೆ ಕಳೆಯಿತು ಅಂದುಕೊಂಡೆ.

ಸಂಕ್ರಾಂತಿ ಮುಗಿದ ವಾರದಲ್ಲಿ ಅಪ್ಪ ಹೋಗಿಬಿಟ್ಟ. ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ.

ಮತ್ತೆರಡು ತಿಂಗಳಿಗೆ ಗಾಡಿ ತಯಾರಾಗಿದೆ ಎಂದು ಫೋನು ಬಂತು. ಹೋದೆ. ಅಪ್ಪ ಇಲ್ಲವೆಂದು ಮಿಸ್ತ್ರಿಗೆ ನಾನು ಹೇಳಿರಲಿಲ್ಲ. ಅವನು ಕೀಲಿ ಕೊಡುತ್ತ ಶಾಬಾಸ್‌ಗಿರಿ ಬೇಡುವವನ ಹಾಗೆ ನಕ್ಕ.

"ಒಂದ್ ಮಾತ ಹೇಳ್ತೀನ್ರಿ. ದೀಪಾವಳಿ ಮುಂದ ನಿಮ್ಮ ಅಪ್ಪಾರು ಇಲ್ಲಿಗಿ ಬಂದಿದ್ರು. ನನ್ನ ಮಗ ಬಸವಕಲ್ಯಾಣದಿಂದ ಒಂದು ಹಳೀ ಜೀಪ ತಂದು ಬಿಟ್ಟಾನೇನಪಾ ಅಂದ್ರು. ನೀವು ತಾಕೀತ ಮಾಡಿದ್ರಲ್ರಿ, ಅದಕ ಅಂಥಾ ಗಾಡಿ ಇಲ್ಲಿಗಿ ಬಂದೇ ಇಲ್ಲ ಅಂದೆ. ಖಬರ್ ಬಿಟ್ಟಕೊಡಲಿಲ್ಲ ನೋಡ್ರಿ."

ಜೀಪು ಆಗ ಅಲ್ಲೇ ಇತ್ತಂತೆ. ಬಾಡಿ ಬಿಚ್ಚಿ, ಬೋರಲು ಹಾಕಿ, ಬೂದು ಬಣ್ಣ ಬಳಿದಿದ್ದರಂತೆ. ಅಪ್ಪ ಅದರ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು, ಉಳಿದ ಗ್ಯಾರೇಜುಗಳು ಯಾವ ಕಡೆ ಎಂದು ವಿಚಾರಿಸಿಕೊಂಡು ಹೊರಟನಂತೆ. ಇನ್ನಾದರೂ ಅವರಿಗೆ ತೋರಿಸಿರಿ ಎಂದ ಮಿಸ್ತ್ರಿ. ಆಯಿತು ಎಂದೆ. ನಾನು ಕಲಿಸಿದ್ದನ್ನೇ ಅವನು ಒಪ್ಪಿಸಿದ್ದ.

ಮನೆ ಮುಂದೆ ಜೀಪು ನಿಲ್ಲಿಸಿದಾಗ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಹೊರಗೆ ಬಂದಳು. ಜೀಪಿನ ಸುತ್ತ ಒಂದು ಸುತ್ತು ಬಂದಳು.

"ನೀ ಇದನ್ನ ಮಾರಿದ್ದಿಲ್ಲೇನು?" ಎಂದಳು.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಆ ದಿನ ಸಂಜೆ ಬಸ್ಸಿಗೆ ವಾಪಸು ಬಂದು, ಮಗ ಗಾಡಿ ಮಾರಿದ್ದಾನೆ ಎಂದನಂತೆ. ನಾನೇ ಕೇಳುತ್ತೇನೆ ಎಂದು ಅವ್ವ ಎದ್ದರೆ ಕೈ ಹಿಡಿದು ಕೂರಿಸಿದನಂತೆ.

"ಏನೋ ಅಡಚಣಿ ಬಂದಿರಬೇಕು, ಮಾರ್ಯಾನ, ಇರ್ಲಿ ಅಂದ್ರು," ಎಂದಳು ಅವ್ವ. "ನೀ ಅವನಿಗಿ ಕೇಳಬ್ಯಾಡ, ಕೇಳಿದ್ರ ಪಾಪ, ಇನ್ನೊಂದು ಸುಳ್ಳ ಹೇಳಬೇಕಾಗ್ತದ ಅವಗ, ಅಂದ್ರು."