ದಸರೆಯಂದು ಉಜ್ಜಿದ ಶಾಫ್ಟು

ಎಪ್ಪತ್ತರ ದಶಕದ ಒಂದು ದಸರೆ. ಜೋಗೇಶ್ವರಿಯಲ್ಲಿದ್ದ ನಮ್ಮ ಭಾವನ, ಅಂದರೆ ಅಕ್ಕನ ಗಂಡನ, ಶೆಡ್ಡಿಗೆ ನಾನೂ ಪೂಜೆಗೆಂದು ಹೋಗಿದ್ದೆ. ಟೆಸ್ಟ್ ಮಷಿನ್ನಿನ ಶಾಫ್ಟು ಫಳಫಳ ಹೊಳೆಯುತ್ತಿತ್ತು. ಭಾವ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು.

“ಯಾರ್ರೀ ಇದನ್ನ ಉಜ್ಜಿದ್ದು?”

“ನಾನರೀ ಸಾಹೇಬ್ರ,” ಎಂದ ವಿಜಾಪುರ ಕಡೆಯ ಫಿಟ್ಟರ್. “ಬುಷ್ ಬಿಚ್ಚಿ, ಪಾಲಿಶ್ ಪೇಪರ್ ಹಚ್ಚಿ ತಿಕ್ಕೀನಿ. ಹಬ್ಬದಾಗ ಮಷಿನ್ ಮಾರಿಗೆ ಮಸಿ ಇರಬೇಕೇನ್ರೀ?”

ಅದು ಮಸಿಯಾಗಿರಲಿಲ್ಲ. ಮಿಲ್ಲೊಂದರಲ್ಲಿ ಬಟ್ಟೆ ಒಣಗಿಸುವ ಗೂಡಿನ ಬಿಸಿಗೆ ಯಂತ್ರದ ಎಣ್ಣೆ ಸುಟ್ಟು ಬಟ್ಟೆಗೆ ಕಲೆ ಬೀಳುತ್ತಿತ್ತು. ಎಣ್ಣೆಯೇ ಬೇಡದ ಟೆಫ್ಲಾನ್ ಬುಷ್, ಅಂದರೆ ಶಾಫ್ಟನ್ನು ಸುತ್ತಿ ಹಿಡಿಯುವ ಬಳೆ, ಮಾಡುತ್ತೇನೆಂದು ಭಾವ ಕಾಯಂ ನೌಕರಿ ಬಿಟ್ಟಿದ್ದರು. ಶಾಫ್ಟು ತಿರುಗುವಾಗ ಬುಷ್ ಮೊದಲು ಸ್ವಲ್ಪ ಸವೆದು, ಉಕ್ಕಿನ ಮೇಲೆ ತೆಳ್ಳನೆಯ ಕಪ್ಪು ಪೊರೆಯಾಗಿ ಕೂರುತ್ತದೆ. ಆಮೇಲೆ ಆ ಪೊರೆಯೇ ಬುಷ್ಷನ್ನು ಕಾಯುತ್ತದೆ. ಸವೆತ ಅಳೆಯಲು ಮಿಲ್ಲಿನ ಎಂಜಿನಿಯರ್ ಮರುದಿನ ಬರುವವರಿದ್ದರು. ಮಿತಿ ಮೀರಿದ್ದರೆ ಆರ್ಡರ್ ಇಲ್ಲ. ಎರಡನೇ ಅವಕಾಶವೂ ಇಲ್ಲ.

ಭಾವ ಮಷಿನ್ನಿನ ಹಾರ ತೆಗೆದರು. ಫಿಟ್ಟರ್ ಸ್ವಿಚ್ಚಿಗೆ ಅಡ್ಡ ನಿಂತ.

“ಪೂಜಿಗೆ ಕುಂತ ಮಷಿನ್ ಇವತ್ತ ಎಬ್ಬಿಸಬಾರದ್ರೀ. ಕೆಟ್ಟದ್ದಾಗತೈತಿ.”

“ಆಗೋ ಕೆಟ್ಟದ್ದು ಆಗಿದೆ. ಈಗ ಓಡಿಸಿ ಪೊರೆ ಕೂರಿಸದಿದ್ರೆ ನಾಳೆ ಅವ್ರ ಕಣ್ಣೆದುರಿಗೇ ಬುಷ್ ಪುಡಿ ಉದುರಿಸುತ್ತೆ.”

ಫಿಟ್ಟರ್ ಕಾಯಿ ಒಡೆದು, ಕೈಮುಗಿದು, ತಾನೇ ಸ್ವಿಚ್ ಒತ್ತಿದ.

ಬುಷ್ ಕಿರುಗುಟ್ಟಿತು. ಕೆಳಗೆ ಹಾಸಿದ್ದ ದಿನಪತ್ರಿಕೆಯ ಮೇಲೆ ಕಪ್ಪು ಪುಡಿ ಬಿದ್ದು ಸುದ್ದಿಗಳು ಮುಚ್ಚಿಹೋದವು. ಭಾವ ಹಾಳೆ ಬದಲಿಸುತ್ತಲೇ ಇದ್ದರು. ಹಬ್ಬಕ್ಕೆಂದು ಅಕ್ಕ ಕಳಿಸಿದ್ದ ಹೋಳಿಗೆಯ ಡಬ್ಬಿಯನ್ನು ಯಾರೂ ತೆರೆಯಲಿಲ್ಲ. ಸಂಜೆ ಹಾಸಿದ ಹಾಳೆಯಲ್ಲಿ ಅಕ್ಷರಗಳಷ್ಟೇ ಕಪ್ಪಗಿದ್ದವು. ಸವೆತ ನಿಂತಿತ್ತು, ಮಿತಿಯೊಳಗೇ ನಿಂತಿತೋ ಇಲ್ಲವೋ ತಿಳಿಯದು. ಬಿಸಿಯಲ್ಲಿ ಅಳೆದರೆ ಅಳತೆ ಸುಳ್ಳಾಗುತ್ತದೆ.

ಬೆಳಿಗ್ಗೆ ಎಂಜಿನಿಯರ್ ಬಂದು, ಶಾಫ್ಟಿಗೂ ಬುಷ್ಷಿಗೂ ನಡುವಿನ ಸಂದಿಗೆ ಮಿತಿಯಷ್ಟು ದಪ್ಪದ ತಗಡು ತೂರಿಸಲು ನೋಡಿದರು. ಹೋಗಲಿಲ್ಲ. ಇನ್ನೊಂದು ಕಡೆಯಿಂದ ಒತ್ತಿದರು. ಹೋಗಲಿಲ್ಲ. ಸವೆತ ಮಿತಿಯೊಳಗೇ ಇತ್ತು; ಭಾವ ಉಸಿರು ಬಿಟ್ಟರು. ಇನ್ನು ಓಡಿಸಿ ತೋರಿಸುವುದೊಂದು ಬಾಕಿ. ಅಷ್ಟರಲ್ಲಿ ಎಂಜಿನಿಯರ್ ಬುಷ್ ಸರಿಸಿ, ಶಾಫ್ಟಿನ ಮೇಲಿನ ಕಪ್ಪು ಕಂಡು ಮುಖ ಗಂಟಿಕ್ಕಿದರು.

“ಕಲ್ ದಸರಾ ಥಾ ನಾ? ಇತನಾ ಗಂದಾ?” ನಿನ್ನೆ ತಾನೇ ಹಬ್ಬವಾಗಿಯೂ ಇಷ್ಟು ಗಲೀಜೇ ಎಂದು ಹಿಂದಿಯಲ್ಲಿ ಕೇಳಿದವರೇ ಉಜ್ಜಲು ಬೆಂಚಿನ ಮೇಲಿದ್ದ ಪಾಲಿಶ್ ಪೇಪರ್ ಎತ್ತಿಕೊಂಡರು.

“ಹಾಥ್ ಮತ್ ಲಗಾವ್ ಸಾಬ್!” ಮುಟ್ಟಬೇಡಿ ಎಂದು ಫಿಟ್ಟರ್ ಕೂಗಿದ. “ಪೂಜಾ ಕಾ ಹೈ!”

ಎಂಜಿನಿಯರ್ ಕೈ ಹಿಂದಕ್ಕೆಳೆದುಕೊಂಡು, ಶಾಫ್ಟಿಗೆ ನಮಸ್ಕಾರವನ್ನೂ ಮಾಡಿದರು. ಮಷಿನ್ ಓಡಿತು. ಹಾಳೆಯ ಮೇಲೆ ಪುಡಿ ಬೀಳಲಿಲ್ಲ.

ಅವರು ಒಪ್ಪಿಕೊಂಡು ಹೋದ ಮೇಲೆ ಭಾವ ಡಬ್ಬಿ ತೆರೆದು ಮೊದಲ ಹೋಳಿಗೆಯನ್ನು ಫಿಟ್ಟರ್‌ಗೆ ಕೊಟ್ಟರು.

“ತಿನ್ರೀ. ತಿಂದು, ಮೊದ್ಲು ಆ ಪಾಲಿಶ್ ಪೇಪರ್ ಬಿಸಾಕ್ರೀ.”