ಬಾಯಿವಾಲಗ

ಮೊನ್ನೆ ಪಾಂಡವಪುರದಲ್ಲಿ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ವಾಲಗದವರೊಬ್ಬರು ನಾಗಸ್ವರದ ಪೀಪಿಯನ್ನು ಬಾಯಲ್ಲಿಟ್ಟು ನೆನೆಸುತ್ತಿದ್ದರು. ನನ್ನ ತುಟಿ ತಾನಾಗಿ ಚೂಪಾಯಿತು.

ಈ ತುಟಿಯ ಚರಿತ್ರೆ ನಿಮಗೆ ಗೊತ್ತಿಲ್ಲ. ಐದಾರು ವರ್ಷದ ಹಿಂದೆ, ಪಿಯುಸಿಯಲ್ಲಿ ಎರಡು ಸಲ ಫೇಲಾದ ನಾನು ಪಾಸಾಗಿದ್ದು ಒಂದೇ ವಿದ್ಯೆಯಲ್ಲಿ: ಕಂಡವರ ದನಿ ಕದಿಯುವುದು. ಕಂಡಕ್ಟರು, ಮೇಷ್ಟ್ರು, ಮನೆಯ ಎಮ್ಮೆ, ಯಾರನ್ನೂ ಬಿಟ್ಟವನಲ್ಲ. ‘ನಿನ್ನ ದನಿ ಯಾವುದಪ್ಪಾ?’ ಎಂದರೆ ಮಾತ್ರ ತಡವರಿಸುತ್ತಿದ್ದೆ.

ಅಪ್ಪನ ತಂಗಿ ಜಯತ್ತೆ ಇಪ್ಪತ್ನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು ಶೀಳನೆರೆಯ ನಮ್ಮ ಮನೆಗೆ ಮರಳಿದ್ದಳು. ಕೆಲ ವರ್ಷಗಳ ಮೇಲೆ, ಅಕ್ಕಿಹೆಬ್ಬಾಳಿನಲ್ಲಿ ಟ್ರಾಕ್ಟರು ರಿಪೇರಿ ಮಾಡುವವರೊಬ್ಬರು ಕೇಳಿಕೊಂಡು ಬಂದರು. ಅತ್ತೆ ಒಪ್ಪಿದಳು, ಅಪ್ಪ ಒಪ್ಪಿದರು. ಅಜ್ಜಿ ಅರ್ಧ ಒಪ್ಪಿದಳು.

“ಮಾಡ್ಕಳಿ. ವಾಲ್ಗ ಮಾತ್ರ ಕೂಡ್ದು. ಎಲ್ಡ್ನೇ ಮದ್ವೆಗೆ ಯಾರು ಊದ್ಸವ್ರೆ? ಸದ್ದಿಲ್ದಂಗೆ ಆಗೋಗ್ಲಿ.”

“ಕಳ್ತನ ಮಾಡ್ತಾ ಇವ್ನೇನವ್ವಾ ನಾನು?” ಎಂದಳು ಅತ್ತೆ. “ವಾಲ್ಗ ಇಲ್ದಿದ್ರೆ ತಾಳಿಗೆ ಕತ್ತೇ ಒಡ್ಡಕಿಲ್ಲ.”

ಅಪ್ಪ ಅಜ್ಜಿಗೆ ಹೆದರಿ ವಾಲಗದವರಿಗೆ ಹೇಳಲಿಲ್ಲ. ಅತ್ತೆಗೆ ಹೆದರಿ ವಾಲಗದ ಕ್ಯಾಸೆಟ್ಟು ಹಾಕಿದ ಹಳೇ ಟೇಪ್ ರೆಕಾರ್ಡರು ಹೊತ್ತು ತಂದರು. ಮದುವೆಯ ದಿನ, ಹೇಮಾವತಿ ದಡದ ಗುಡಿಯಲ್ಲಿ ಗುಂಡಿ ಒತ್ತಿದರೆ ಉಸಿರೇ ಇಲ್ಲ. ಅದರ ಸೆಲ್ಲುಗಳು ಅಜ್ಜಿಯ ಸೆರಗಿನ ಗಂಟಿನಲ್ಲಿದ್ದವು!

ಗಂಡು ತಾಳಿ ಹಿಡಿದು ನಿಂತರು. ಅತ್ತೆ ಕತ್ತು ಬಗ್ಗಿಸಲಿಲ್ಲ. ಪುರೋಹಿತರು “ಮುಹೂರ್ತ ಮೀರ್ತಿದೆ” ಎಂದರು. ಅತ್ತೆಯ ತುಂಬಿದ ಕಣ್ಣು ಸುತ್ತಾಡಿ ನನ್ನ ಮೇಲೆ ನಿಂತಿತು.

ಮೂಗು ಹಿಡಿದುಕೊಂಡೆ. ಪೇ... ಪೆಪೆಪೆ ಪೇ! ಕೆನ್ನೆಯೇ ಡೋಲು. ಮೊದಲ ಸ್ವರ ಎಮ್ಮೆಯದೇ ಬಂತು, ಸುಳ್ಳೇಕೆ ಹೇಳಲಿ. ಎರಡನೆಯದು ಅಪ್ಪಟ ವಾಲಗ. ಗಂಡಿನ ಕಡೆಯವರು ಕಿಸಕ್ಕೆಂದರು. “ಬಾಯ್ ಮುಚ್ಚಲಾ!” ಎಂದರು ಅಪ್ಪ. ಅಷ್ಟರಲ್ಲಿ ಕಂಬದ ಮರೆಯಿಂದ ಅಜ್ಜಿ ಸೆಲ್ಲು ಕುಲುಕಿಸುತ್ತ ನನ್ನತ್ತ ನುಗ್ಗಿದಳು. ನನ್ನ ಉಸಿರಿನ ಜತೆ ವಾಲಗವೂ ನಿಂತಿತು.

“ಯಾಕ್ಲಾ ನಿಲ್ಸ್ದೆ?” ಅಜ್ಜಿ ಕಿರುಚಿದಳು. “ಸುರು ಮಾಡಿದ್ ವಾಲ್ಗ ಅರ್ಧಕ್ಕೆ ನಿಂತ್ರೆ ನನ್ ಮಗ್ಳಿಗೆ ಒಳ್ಳೇದಾದದೇನ್ಲಾ? ಊದ್ಲಾ! ಗಟ್ಟಿಮೇಳ! ಗಟ್ಟಿಮೇಳ!”

ಊದಿದೆ. ಅತ್ತೆ ಕತ್ತು ಬಗ್ಗಿಸಿದಳು. ಮೂರನೇ ಗಂಟು ಬೀಳುವಾಗಲೂ ನಗುವಿನಿಂದ ಅವಳ ಭುಜ ಕುಣಿಯುತ್ತಿತ್ತು.

“ನೀನೂ ಊದ್ತೀಯೇನಪ್ಪಾ?” ನನ್ನ ತುಟಿ ನೋಡಿ ಬಸ್ಸಿನಲ್ಲಿದ್ದ ವಾಲಗದವರು ಕೇಳಿದರು.

“ಒಂದೇ ಒಂದ್ ಮದ್ವೆಗೆ ಊದಿವ್ನಿ ಕಣಣ್ಣ. ನಮ್ಮತ್ತೇದು.”

ಹೇಳಿದ ಮೇಲೆ ಹೊಳೆಯಿತು: ಈಗ ಮಾತಾಡಿದ ದನಿ ಯಾರಿಂದಲೂ ಕದ್ದದ್ದಲ್ಲ, ನನ್ನದೇ. ಪರವಾಗಿಲ್ಲ, ಎಮ್ಮೆಯದಕ್ಕಿಂತ ಒಂಚೂರು ಚೆನ್ನಾಗಿಯೇ ಇತ್ತು.